ಹಾಕ್ನಿ ಪ್ರಿಂಟ್‌ಗಳಿಗೆ ಕಟ್ಟು ಹಾಕುವ ಕ್ರಮ ಬದಲಾಗುತ್ತಿದೆ

ಮಾನ್ಯ ಗ್ರಾಹಕರೇ,

ಬ್ರಿಟಿಷ್ ಚಿತ್ರಕಾರ ಡೇವಿಡ್ ಹಾಕ್ನಿಯವರ ಚಿತ್ರಗಳ ಪ್ರಿಂಟ್ ಯಾವುದೇ ಬರಲಿ, ಒಂದೇ ಅಳತೆಯ ಮೌಂಟ್ (ಚಿತ್ರದ ಸುತ್ತ ಕೂರಿಸುವ ದಪ್ಪ ಕಾಗದದ ಚೌಕಟ್ಟು) ಹಾಕಿ ಫ್ರೇಮ್ ಮಾಡಿಕೊಡುತ್ತಿದ್ದೆವು. ಮುಂದಿನ ತಿಂಗಳ 1ರಿಂದ ಅದನ್ನು ನಿಲ್ಲಿಸುತ್ತಿದ್ದೇವೆ. ಅವರು ಚಿತ್ರಿಸುವ ವಿಷಯ ಬದಲಾದಾಗಲೆಲ್ಲ ಚಿತ್ರದ ಅಂಚಿನ ಕೆಲಸವೂ ಬದಲಾಗಿದೆ. ನಮ್ಮ ಮೌಂಟ್ ಮುಚ್ಚುತ್ತಿದ್ದುದು ಆ ಅಂಚನ್ನೇ.

1967ರ ‘ಎ ಬಿಗ್ಗರ್ ಸ್ಪ್ಲ್ಯಾಶ್’ ತೆಗೆದುಕೊಳ್ಳಿ. ಕ್ಯಾಲಿಫೋರ್ನಿಯಾದ ಈಜುಕೊಳ, ರೋಲರ್‌ನಲ್ಲಿ ಬಳಿದ ಸಪಾಟಾದ ಅಕ್ರಿಲಿಕ್ ಬಣ್ಣ. ಕ್ಷಣದಲ್ಲಿ ಎದ್ದು ಬೀಳುವ ನೀರನ್ನು ಮಾತ್ರ ಸಣ್ಣ ಕುಂಚ ಹಿಡಿದು ಸುಮಾರು ಎರಡು ವಾರ ಬರೆದರು. ಸುತ್ತಲೂ ಬಣ್ಣ ತಾಗದ ಬರಿ ಕ್ಯಾನ್ವಾಸಿನ ಅಗಲವಾದ ಅಂಚು. ದೃಶ್ಯ ಬಿಳಿ ಅಂಚಿನ ಪೋಲರಾಯ್ಡ್ ಫೋಟೋದಂತೆ ಕಾಣುವುದೇ ಅದರಿಂದ. ಅದನ್ನು ಖಾಲಿ ಜಾಗವೆಂದು ಮೌಂಟಿನಡಿ ತಳ್ಳಿದ್ದು ನಮ್ಮ ತಪ್ಪು. ಇನ್ನು ಇಂಥವಕ್ಕೆ ಮೌಂಟ್ ಇಲ್ಲ. ಗಾಜಿಗೂ ಕಾಗದಕ್ಕೂ ನಡುವೆ 5 ಮಿ.ಮೀ. ಪಟ್ಟಿ ಕೊಡುತ್ತೇವೆ. ಪಟ್ಟಿಯಿಲ್ಲದಿದ್ದರೆ ಮಳೆಗಾಲದ ತೇವಕ್ಕೆ ಪ್ರಿಂಟ್ ಗಾಜಿಗೆ ಅಂಟಿಕೊಳ್ಳುತ್ತದೆ, ಬಿಡಿಸಹೋದರೆ ಮೇಲ್ಪದರವೇ ಕಿತ್ತು ಬರುತ್ತದೆ.

2007ರ ‘ಬಿಗ್ಗರ್ ಟ್ರೀಸ್ ನಿಯರ್ ವಾರ್ಟರ್’ನಲ್ಲಿ ಇಂಗ್ಲೆಂಡಿನ ಯಾರ್ಕ್‌ಶೈರಿನ ಮರಗಳಿವೆ. ಅಡ್ಡಕ್ಕೆ 10, ಮೇಲಿಂದ ಕೆಳಕ್ಕೆ 5, ಒಟ್ಟು 50 ಕ್ಯಾನ್ವಾಸ್. ಅಗಲ ಸುಮಾರು 12 ಮೀಟರ್. ಪ್ರಿಂಟಿನಲ್ಲಿ ಕಾಣುವ ಗೆರೆಗಳು ಅವುಗಳ ಕೂಡುಗೆರೆ, ಮುದ್ರಣದೋಷವಲ್ಲ. ಸೋಫಾದ ಮೇಲಿನ ಗೋಡೆಗೆ ಮೂರು ತುಂಡು ಮಾಡಿಕೊಡಿ ಎಂದು ಕೇಳುವವರೇ ಹೆಚ್ಚು. ಹತ್ತನ್ನು ಮೂರರಿಂದ ಭಾಗಿಸಿದರೆ ಬ್ಲೇಡ್ ಕ್ಯಾನ್ವಾಸಿನ ನಡುವೆಯೇ ಬೀಳುತ್ತದೆ. ಎರಡು ಅಥವಾ ಐದು ತುಂಡಾದರೆ ಮಾತ್ರ ಮಾಡಿಕೊಡುತ್ತೇವೆ.

ಹೆಚ್ಚು ಕೆಲಸವಿರುವುದು 2017ರ ಸುಮಾರಿನ ಆರು ಬದಿಯ ಚಿತ್ರಗಳಲ್ಲಿ. ಕೆಳಗಿನ ಎರಡು ಮೂಲೆ ಕತ್ತರಿಸಿದ ಕ್ಯಾನ್ವಾಸ್. ಒಳಗೆ ಗೆರೆಗಳು ದೂರ ಹೋದಂತೆ ಕೂಡುವ ಬದಲು ಒಂದರಿಂದೊಂದು ಅಗಲುತ್ತವೆ. ಆಯತದ ಫ್ರೇಮಿನಲ್ಲಿ ಕೂರಿಸಿದರೆ ಅವರು ಕತ್ತರಿಸಿದ ಮೂಲೆಗಳನ್ನು ನಾವು ಬಿಳಿ ತ್ರಿಕೋನವಾಗಿ ವಾಪಸ್ ತಂದಂತೆ. ಹಾಗಾಗಿ ಫ್ರೇಮಿಗೂ ಆರೇ ಬದಿ. ಪ್ರತಿ ಮೂಲೆಯ ಕೋನ ಅಳೆದು, ಅದರ ಅರ್ಧಕ್ಕೆ ಎರಡೂ ಪಟ್ಟಿ ಕೊಯ್ಯಬೇಕು. ಒಟ್ಟು 12 ಕೊಯ್ತ. ಒಂದೊಂದರಲ್ಲೂ ಅರ್ಧ ಡಿಗ್ರಿ ಒಂದೇ ಕಡೆಗೆ ತಪ್ಪಿದರೆ ಕೊನೆಗೆ 6 ಡಿಗ್ರಿಯಾಗಿ ಕಡೆಯ ಮೂಲೆ ಬಾಯಿ ಬಿಡುತ್ತದೆ. ನಮ್ಮ ಮೊಳೆ ಹೊಡೆಯುವ ಯಂತ್ರ ಲಂಬಕೋನಕ್ಕಷ್ಟೇ ಒಗ್ಗುವುದರಿಂದ, ಕೆಳಗಿನ ನಾಲ್ಕು ಮೂಲೆಗಳಿಗೆ ಅಂಟು ಹಚ್ಚಿ, ಬೆಲ್ಟ್ ಬಿಗಿದು 24 ಗಂಟೆ ಬಿಡುತ್ತೇವೆ. ಇದಕ್ಕೆ 4 ದಿನದ ಬದಲು 10 ದಿನ, ಕೂಲಿ ಒಂದೂವರೆ ಪಟ್ಟು.

ಹಿಂದೆ ನಮ್ಮಲ್ಲೇ ಕಟ್ಟು ಹಾಕಿಸಿದ ‘ಸ್ಪ್ಲ್ಯಾಶ್’ ಇದ್ದರೆ ತನ್ನಿ. ಮೌಂಟಿನಡಿ ಅಂಚು ಉಳಿದಿದ್ದರೆ ಪುಕ್ಕಟೆ ಬದಲಿಸಿಕೊಡುತ್ತೇವೆ. ಮುದ್ರಿಸಿದವರೇ ಅಂಚು ಕತ್ತರಿಸಿದ್ದರೆ ನಾವು ಮಾಡುವಂಥದ್ದೇನೂ ಇಲ್ಲ. ಹೊಸ ಪ್ರಿಂಟ್ ಕೊಳ್ಳುವಾಗ ನಾಲ್ಕೂ ಬದಿ ನೋಡಿ ಕೊಳ್ಳಿ.