ವೈರ್‌ಲೆಸ್ ಕಾಮಗಾರಿಗೆ ಮಳೆಗಾಲದ ಪರೀಕ್ಷೆ ಬೇಕು

ಮಾನ್ಯ ಸಂಪಾದಕರೇ,

ಮುಂಗಾರು ಹತ್ತಿರವಾಗುತ್ತಿದ್ದಂತೆ ಜಿಲ್ಲೆ ಜಿಲ್ಲೆಗಳಲ್ಲಿ ವಿಪತ್ತು ನಿರ್ವಹಣೆಯ ಪೂರ್ವಸಿದ್ಧತಾ ಸಭೆಗಳು ನಡೆಯುತ್ತವೆ. ವೈರ್‌ಲೆಸ್ ಸೆಟ್‌ಗಳು ಎಷ್ಟಿವೆ, ಅವುಗಳಲ್ಲಿ ಎಷ್ಟು ಸುಸ್ಥಿತಿಯಲ್ಲಿವೆ ಎಂಬ ಲೆಕ್ಕವನ್ನು ಅಧಿಕಾರಿಗಳು ಅಲ್ಲಿ ಒಪ್ಪಿಸುತ್ತಾರೆ. ಆದರೆ ಸೆಟ್‌ನಿಂದ ಆಂಟೆನಾದವರೆಗೆ ಹೋಗುವ ಕೇಬಲ್ಲಿನ ತುದಿಯನ್ನು ಯಾರು, ಹೇಗೆ ಜೋಡಿಸಿದ್ದಾರೆ ಎಂಬ ಪ್ರಶ್ನೆ ನಾನು ಕುಳಿತ ಯಾವ ಸಭೆಯಲ್ಲೂ ಎದ್ದದ್ದಿಲ್ಲ. 30 ವರ್ಷ ವೈರ್‌ಲೆಸ್ ತಂತ್ರಜ್ಞನಾಗಿ ದುಡಿದು ನಿವೃತ್ತನಾಗಿರುವ ನಾನು ಮನೆಯಲ್ಲಿ ಹವ್ಯಾಸಿ ರೇಡಿಯೊ ಪರವಾನಗಿಯನ್ನೂ ಇಟ್ಟುಕೊಂಡವನು. ಎರಡೂ ಪಂಕ್ತಿಯಲ್ಲಿ ಉಂಡವನೆಂಬ ಸಲುಗೆಯಿಂದ ಈ ಪತ್ರ ಬರೆಯುತ್ತಿದ್ದೇನೆ.

ಕಳಪೆ ಕೆಲಸ ಕಂಡಾಗ ‘ಹವ್ಯಾಸಿಗಳ ಕೆಲಸ’ ಎಂದುಬಿಡುವುದು, ಚೊಕ್ಕವಾಗಿದ್ದರೆ ‘ವೃತ್ತಿಪರ’ ಎಂಬ ಬಿರುದು ಕೊಡುವುದು ನಮ್ಮಲ್ಲಿ ರೂಢಿಯಾಗಿದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ರೇಡಿಯೊ ನಿಯಮಾವಳಿ ಹವ್ಯಾಸಿ ಸೇವೆಯನ್ನು ವಿವರಿಸುವಾಗ ಸ್ವಯಂ ಕಲಿಕೆ, ಪರಸ್ಪರ ಸಂಪರ್ಕ, ತಾಂತ್ರಿಕ ಶೋಧನೆ ಎಂಬ ಮೂರು ಉದ್ದೇಶಗಳನ್ನು ಹೇಳಿ, ಅದರಲ್ಲಿ ಹಣದ ಗಳಿಕೆ ಇರಕೂಡದು ಎನ್ನುತ್ತದೆ. ಬೆಸುಗೆ ಹೇಗಿರಬೇಕೆಂಬ ಮಾತನ್ನು ಆ ವಿವರಣೆ ಎತ್ತುವುದೇ ಇಲ್ಲ. ಹಾಗಿದ್ದರೂ ಎರಡು ಬಗೆಯ ಕೆಲಸಗಳ ನಡುವೆ ವ್ಯತ್ಯಾಸವೊಂದು ನಿಜವಾಗಿಯೂ ಇದೆ. ಅದು ಎಲ್ಲಿದೆ ಎಂಬುದು ನನಗೆ ತಿಳಿದದ್ದು ಒಂದು ಗುಡ್ಡದ ಮೇಲೆ.

ಘಟ್ಟದ ಅಂಚಿನ ಆ ಗುಡ್ಡದಲ್ಲಿ ಇಲಾಖೆಯೊಂದಕ್ಕಾಗಿ ರಿಪೀಟರ್, ಅಂದರೆ ದೂರದ ಸೆಟ್‌ಗಳ ಧ್ವನಿಯನ್ನು ಹಿಡಿದು ಮತ್ತೆ ಪ್ರಸಾರ ಮಾಡುವ ಕೇಂದ್ರ, ಹಾಕಲಾಗಿತ್ತು. ಟೆಂಡರ್ ಪಡೆದವರು ಅನುಭವವಿದ್ದ ಗುತ್ತಿಗೆದಾರರೇ. ಸೆಟ್ ಒಳ್ಳೆಯ ಕಂಪನಿಯದು, ಟವರಿಗೆ ಹೊಸ ಬಣ್ಣ ಬಳಿದಿತ್ತು, ಕೋಣೆಯ ಬಾಗಿಲಿಗೆ ಹಿತ್ತಾಳೆಯ ಫಲಕವೂ ಇತ್ತು. ಹಸ್ತಾಂತರದ ದಿನ ಎಸ್‌ಡಬ್ಲ್ಯುಆರ್ ಮೀಟರ್ 1.2 ತೋರಿಸಿತಂತೆ, ಕಡತದಲ್ಲಿ ಹಾಗೆಂದು ಬರೆದು ಸಹಿ ಮಾಡಿದ್ದರು. ಆಂಟೆನಾಕ್ಕೆ ಕಳಿಸಿದ ಶಕ್ತಿಯಲ್ಲಿ ಎಷ್ಟು ಪಾಲು ಹಿಂತಿರುಗುತ್ತಿದೆ ಎಂದು ಹೇಳುವ ಮೀಟರ್ ಅದು. ಮುಳ್ಳು 3ರಲ್ಲಿದ್ದರೆ ಕಾಲು ಪಾಲು ಶಕ್ತಿ ವಾಪಸಾಗುತ್ತಿದೆ ಎಂದರ್ಥ, 1.5ಕ್ಕಿಂತ ಕೆಳಗಿದ್ದರೆ ವಾಪಸಾಗುವುದು ನೂರಕ್ಕೆ 4 ಪಾಲೂ ಅಲ್ಲ. 1.2 ಎಂದರೆ ಯಾರೂ ತಕರಾರು ಎತ್ತದ ಅಂಕಿ.

ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಸುತ್ತಲಿನ ಕೇಂದ್ರಗಳ ಧ್ವನಿ ಕ್ಷೀಣಿಸುತ್ತ ಹೋಗಿ, ದೂರದವು ಒಂದೊಂದಾಗಿ ಮೌನವಾದವು. ಸೆಟ್ ಕೆಟ್ಟಿದೆಯೆಂದು ಅದನ್ನು ಬದಲಿಸಿದ್ದೂ ಆಯಿತು, ಪ್ರಯೋಜನವಾಗಲಿಲ್ಲ. ನಾನು ಹೋಗಿ ನೋಡಿದಾಗ ಸೆಟ್ ಪೂರ್ಣ ಶಕ್ತಿ ಕೊಡುತ್ತಿತ್ತು, ಮೀಟರಿನ ಮುಳ್ಳು ಅದೇ 1.2ರಲ್ಲಿ ನಿಂತಿತ್ತು. ಟವರ್ ಹತ್ತಿ ಆಂಟೆನಾದ ಬುಡದಲ್ಲಿ ಕೇಬಲ್ಲನ್ನು ಬಿಚ್ಚಿ, ಕೆಳಗಿದ್ದ ಸಹಾಯಕನಿಗೆ ಒಂದೇ ಒಂದು ಕ್ಷಣ ಬಟನ್ ಒತ್ತಿ ಮೀಟರ್ ನೋಡಲು ಹೇಳಿದೆ. ಬಿಚ್ಚಿದ ಕೇಬಲ್ಲಿಗೆ ಮುಳ್ಳು ಬಲತುದಿಗೆ ಹಾರಬೇಕಿತ್ತು. ‘ಹಾಗೇ ಇದೆ ಸಾರ್’ ಎಂದು ಅವನು ಕೂಗಿದ. ಆಂಟೆನಾದಿಂದ ಕಳಚಿದ ಕೇಬಲ್ ನನ್ನ ಕೈಯಲ್ಲಿದ್ದರೂ ಮೀಟರಿಗೆ ಅದರ ಪರಿವೆ ಇರಲಿಲ್ಲ.

ಕನೆಕ್ಟರಿಗೆ ಸುತ್ತಿದ್ದದ್ದು ಮನೆಯ ವೈರಿಂಗಿಗೆ ಬಳಸುವ ಕಪ್ಪು ಟೇಪಿನ ಒಂದೇ ಸುತ್ತು. ಬಿಸಿಲಿಗೆ ಅದರ ಅಂಟು ಕರಗಿ ಟೇಪು ಸಡಿಲಗೊಂಡಿತ್ತು. ಕನೆಕ್ಟರನ್ನು ತಿರುಗಿಸಿ ತೆಗೆದಾಗ ಅರ್ಧ ಚಮಚದಷ್ಟು ನೀರು ಅಂಗೈಗೆ ಇಳಿಯಿತು. ಕೇಬಲ್ಲಿನ ಮೇಲ್ಸಿಪ್ಪೆ ಸೀಳಿದರೆ ತಾಮ್ರದ ಜಾಲರಿ ಗೇಣುದ್ದಕ್ಕೂ ಕಿಲುಬು ಹಿಡಿದು ಹಸಿರಾಗಿತ್ತು. ಇನ್ನೂ ಕೆಳಗೆ ಸೀಳಿದೆ, ಅಲ್ಲಿ ಕಪ್ಪಾಗಿತ್ತು. ಬೆಸುಗೆಗೆಂದೇ ಆ ಕನೆಕ್ಟರಿನ ಮೈಯಲ್ಲಿ ನಾಲ್ಕು ರಂಧ್ರಗಳಿರುತ್ತವೆ. ಮೂರು ಖಾಲಿಯಿದ್ದವು, ನಾಲ್ಕನೆಯದರಲ್ಲಿ ಲೆಡ್ಡಿನ ಒಂದು ಹನಿ ಜಾಲರಿಗೆ ಅಂಟದೆ ಗೋಲಿಯಂತೆ ಕೂತಿತ್ತು.

ಮೀಟರ್ ಏಕೆ ಸುಮ್ಮನಿತ್ತು ಎಂಬುದನ್ನು ವಿವರಿಸಬೇಕು, ಏಕೆಂದರೆ ರಾಜ್ಯದ ಎಷ್ಟು ಗುಡ್ಡಗಳ ಕಡತಗಳಲ್ಲಿ ಇದೇ 1.2 ಇದೆಯೋ ಬಲ್ಲವರಾರು! ನೀರು ಕುಡಿದ ಆ ಕೇಬಲ್ಲಿನಲ್ಲಿ ಹೊರಟ ಶಕ್ತಿಯ ಹತ್ತರಲ್ಲಿ ಒಂಬತ್ತು ಪಾಲು ದಾರಿಯಲ್ಲೇ ಶಾಖವಾಗಿ ಕಳೆದುಹೋಗುತ್ತಿತ್ತು. ತುದಿ ಮುಟ್ಟಿ ವಾಪಸಾದ ಒಂದು ಪಾಲಿನಲ್ಲೂ ಮತ್ತೆ ಒಂಬತ್ತು ಭಾಗ ಮರುದಾರಿಯಲ್ಲಿ ಕರಗಿ, ಮೀಟರಿಗೆ ತಲುಪುತ್ತಿದ್ದದ್ದು ನೂರರಲ್ಲಿ ಒಂದು. ಹಿಂತಿರುಗುವುದು ಅಷ್ಟು ಕಡಿಮೆಯಾದ್ದರಿಂದ ಎಲ್ಲವೂ ಸೊಗಸಾಗಿದೆಯೆಂದು ಮೀಟರ್ ಹೇಳುತ್ತಿತ್ತು. ಕೇಬಲ್ ಕೆಟ್ಟಷ್ಟೂ ಮೀಟರ್ ಹೊಗಳುತ್ತದೆ. ಇದು ಗೊತ್ತಿರುವವನು ಕೆಳಗಿನ ಮೀಟರನ್ನಷ್ಟೇ ನಂಬದೆ, ಮೇಲಿನ ತುದಿಗೆ ಎಷ್ಟು ವಾಟ್ ತಲುಪುತ್ತಿದೆ ಎಂದು ಅಳೆದು ಬರೆದಿಡುತ್ತಾನೆ. ಈ ಅಳತೆಗೆ ಅರ್ಧ ಗಂಟೆಯ ಕೆಲಸ, ಟವರ್ ಹತ್ತುವ ಮನಸ್ಸು, ಇವೆರಡಿದ್ದರೆ ಸಾಕು.

ಆ ತುದಿಯನ್ನು ಮುಚ್ಚುವ ವಿಧಾನವನ್ನು ಮಲೆನಾಡಿನವರಿಗೆ ಹೊಸದಾಗಿ ಕಲಿಸಬೇಕಾಗಿಲ್ಲ. ಮಂಗಳೂರು ಹೆಂಚು ಹೊದಿಸುವವನು ಸೂರಂಚಿನಿಂದ ಶುರುಮಾಡಿ ಮೇಲಕ್ಕೆ ಹೋಗುವುದು ಮೇಲಿನ ಹೆಂಚು ಕೆಳಗಿನದರ ಮೇಲೆ ಕೂರಲೆಂದು. ಟೇಪನ್ನೂ ಹಾಗೆಯೇ ಕೆಳಗಿನಿಂದ ಮೇಲಕ್ಕೆ ಸುತ್ತಬೇಕು. ಮೊದಲು ಎಳೆದು ಸುತ್ತಿದರೆ ತನ್ನಷ್ಟಕ್ಕೇ ಒಂದಾಗಿ ಬೆಸೆದುಕೊಳ್ಳುವ ರಬ್ಬರ್ ಟೇಪು, ಅದರ ಮೇಲೆ ಬಿಸಿಲು ತಡೆಯಲು ಪಿವಿಸಿ ಟೇಪು. ಕೇಬಲ್ಲು ಕೋಣೆಯೊಳಗೆ ಹೊಗುವ ಮುನ್ನ ಕೆಳಕ್ಕೊಂದು ಬಾಗು ಕೊಟ್ಟರೆ ಹರಿದು ಬಂದ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಬಿಲ್ಲಿನ ಮೊತ್ತದ ಎದುರು ಇದಕ್ಕೆಲ್ಲ ಆಗುವ ಖರ್ಚು ಲೆಕ್ಕಕ್ಕೇ ಬರುವುದಿಲ್ಲ.

ಇಷ್ಟು ಹೇಳಿದ ಮೇಲೆ ನನ್ನ ಹಿತ್ತಲ ಕತೆಯನ್ನೂ ಹೇಳಬೇಕು. ಅಡಿಕೆ ಮರವೊಂದರಿಂದ ಹಲಸಿನ ಮರಕ್ಕೆ 7 ಮೆಗಾಹರ್ಟ್ಸ್ ಬ್ಯಾಂಡಿಗೆಂದು ಸುಮಾರು 20 ಮೀಟರ್ ಉದ್ದದ ತಂತಿ ಕಟ್ಟಿದ್ದೇನೆ. ನಡುವಿನ ಇನ್ಸುಲೇಟರ್ ಒಂದು ಪ್ಲಾಸ್ಟಿಕ್ ಪೈಪಿನ ತುಂಡು, ಹಗ್ಗ ದನದ ಕೊಟ್ಟಿಗೆಯದು. ಪ್ರತಿವರ್ಷ ಆಷಾಢದ ಗಾಳಿಗೆ ಅದು ಬೀಳುತ್ತದೆ, ಮಳೆ ಹೊಳವಾದ ದಿನ ನಾನು ಮತ್ತೆ ಕಟ್ಟುತ್ತೇನೆ. ಕೇಬಲ್ಲಿಗೆ ಎಲ್ಲಿ ಜೋಡಣೆಯಿದೆ, ಯಾವ ಗಂಟು ಸಡಿಲವಾಗಿದೆ ಎಂಬುದೆಲ್ಲ ನನ್ನ ತಲೆಯಲ್ಲಿದೆಯೇ ಹೊರತು ಒಂದು ಚೀಟಿಯಲ್ಲೂ ಬರೆದಿಲ್ಲ. ಕರ್ತವ್ಯದ ಮೇಲಿದ್ದಾಗ ಇಂಥ ಕೆಲಸ ಮಾಡಿದ್ದರೆ ನನಗೇ ನಾಚಿಕೆಯಾಗುತ್ತಿತ್ತು, ಹಿತ್ತಲಲ್ಲಿ ಆಗುವುದಿಲ್ಲ. ಏಕೆಂದರೆ ಅದನ್ನು ಬಳಸುವವನು ನಾನೊಬ್ಬನೇ, ಕೆಟ್ಟಾಗ ಸರಿಪಡಿಸುವವನೂ ನಾನೇ.

ನಾನು ಕಂಡುಕೊಂಡ ವ್ಯತ್ಯಾಸ ಇದೇ. ಕೆಲಸ ಮಾಡಿದವನು ಪಕ್ಕದಲ್ಲಿ ಕೂತಿರುವವರೆಗೆ ಎಂಥ ಜೋಡಣೆಯೂ ನಡೆದೀತು. ಅವನು ಹೊರಟುಹೋದ ಮೇಲೆ, ಅವನ ಮುಖವನ್ನೂ ನೋಡಿರದ ಇನ್ನೊಬ್ಬನು ನಡುರಾತ್ರಿಯ ಮಳೆಯಲ್ಲಿ ಟಾರ್ಚ್ ಹಿಡಿದು ಬಂದಾಗ ಯಾವ ಕೇಬಲ್ ಎಲ್ಲಿಗೆ ಹೋಗುತ್ತದೆಂದು ತಿಳಿಯುವಂತಿದ್ದರೆ ಅದು ವೃತ್ತಿಪರ ಕೆಲಸ. ಹುಡುಗನಾಗಿದ್ದಾಗ ಗುಜರಿಯಲ್ಲಿ ಸಿಕ್ಕ ಎರಡನೇ ಮಹಾಯುದ್ಧದ ಕಾಲದ ಸೇನಾ ರಿಸೀವರ್ ಒಂದನ್ನು ಬಿಚ್ಚಿ ನೋಡಿದ್ದೆ: ತಂತಿಗಳನ್ನೆಲ್ಲ ಮೇಣದ ದಾರದಿಂದ ಜಡೆ ಹೆಣೆದಂತೆ ಕಟ್ಟಿ, ಪ್ರತಿ ತುದಿಗೂ ಸಂಖ್ಯೆ ಬರೆದಿದ್ದರು. ಅದನ್ನು ಹೆಣೆದವರು ಯಾವ ದೇಶದ ಯಾವ ಕಾರ್ಖಾನೆಯವರೋ. ಅವರ ಕೆಲಸವನ್ನು ಹಳ್ಳಿಯ ಹುಡುಗನೊಬ್ಬ ಬೆರಳಿಟ್ಟು ಓದಬಹುದಾಗಿತ್ತು.

ಹವ್ಯಾಸಿಗಳ ಹೆಚ್ಚುಗಾರಿಕೆಯೂ ಈ ಅಳತೆಯಲ್ಲೇ ಅರ್ಥವಾಗುತ್ತದೆ. 2004ರ ಡಿಸೆಂಬರ್ 26ರಂದು ಸುನಾಮಿ ಬಂದಾಗ ಭಾರತಿ ಪ್ರಸಾದ್ ಅವರ ನೇತೃತ್ವದ ಹ್ಯಾಮ್‌ಗಳ, ಅಂದರೆ ಹವ್ಯಾಸಿ ರೇಡಿಯೊದವರ, ತಂಡವೊಂದು ಪೋರ್ಟ್ ಬ್ಲೇರ್‌ನಲ್ಲಿತ್ತು. ಲೋಕದ ಹ್ಯಾಮ್‌ಗಳೊಂದಿಗೆ ಮಾತನಾಡಲೆಂದು ಹೂಡಿದ್ದ ತಾತ್ಕಾಲಿಕ ಕೇಂದ್ರವೇ ಅಂಡಮಾನಿಗೂ ಮುಖ್ಯಭೂಮಿಗೂ ನಡುವೆ ಸಂದೇಶ ಸಾಗಿಸುವ ದಾರಿಯಾಯಿತು. ಕಟ್ಟಿದವರೇ ಪಕ್ಕದಲ್ಲಿದ್ದರು, ಆದ್ದರಿಂದ ನಡೆಯಿತು. ಮೈಸೂರಿನಲ್ಲಿ 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಒಂಟಿಕೊಪ್ಪಲಿನ ತಮ್ಮ ಮನೆಯಿಂದ 30 ವಾಟ್‌ನ ಟ್ರಾನ್ಸ್‌ಮಿಟರ್‌ನಲ್ಲಿ ‘ಆಕಾಶವಾಣಿ’ ಎಂಬ ಹೆಸರಿನಡಿ ಪ್ರಸಾರ ಆರಂಭಿಸಿದಾಗಲೂ ಅದು ಮೇಷ್ಟರ ಆಸಕ್ತಿಯ ಮೇಲೆ ನಿಂತಿತ್ತು. ಮುಂದೆ ಮೈಸೂರು ಸಂಸ್ಥಾನ ಅದನ್ನು ವಹಿಸಿಕೊಂಡಿತು. ಮೇಷ್ಟರು ಮನೆಯಲ್ಲಿಲ್ಲದ ದಿನವೂ ನಡೆಯುವ ಏರ್ಪಾಡು ಅಲ್ಲಿಂದ ಮುಂದಿನ ಮಾತು.

ಇವೆರಡಕ್ಕಿಂತ ನನಗೆ ಮೆಚ್ಚಿಗೆಯಾದದ್ದು ಇಸ್ರೊದ ಹ್ಯಾಮ್‌ಸ್ಯಾಟ್. 2005ರ ಮೇ 5ರಂದು ಪಿಎಸ್‌ಎಲ್‌ವಿ-ಸಿ6 ರಾಕೆಟ್ ಹೊತ್ತೊಯ್ದ 42.5 ಕೆ.ಜಿ. ತೂಕದ ಆ ಉಪಗ್ರಹದಲ್ಲಿ ಭೂಮಿಯಿಂದ ಬಂದ ಸಂಕೇತವನ್ನು ಹಿಡಿದು ಮರಳಿ ಕಳಿಸುವ ಎರಡು ಟ್ರಾನ್ಸ್‌ಪಾಂಡರ್‌ಗಳಿದ್ದವು, ಒಂದು ಭಾರತೀಯ ಹ್ಯಾಮ್‌ಗಳದು, ಇನ್ನೊಂದು ನೆದರ್‌ಲ್ಯಾಂಡ್ಸ್‌ನ ಹ್ಯಾಮ್ ಒಬ್ಬರದು. ಹವ್ಯಾಸಿಯ ಕೆಲಸವೆಂದು ರಾಕೆಟ್ಟಿನ ಕಂಪನ ರಿಯಾಯಿತಿ ತೋರಿಸುವುದಿಲ್ಲ, ಮೇಲೆ ಹೋದ ಮೇಲೆ ಟೇಪು ಬಿಗಿಯುವವರೂ ಇಲ್ಲ. ಆ ಉಪಗ್ರಹ 2014ರ ಜುಲೈವರೆಗೆ ದುಡಿಯಿತು, ಕೊನೆಗೆ ಕೈಕೊಟ್ಟದ್ದು ಬ್ಯಾಟರಿ.

ಹಾಗೆಂದು ನನ್ನ ಹ್ಯಾಮ್ ಬಂಧುಗಳನ್ನು ಮುಗಿಲಿಗೇರಿಸಲಾರೆ. ಪರವಾನಗಿ ಪರೀಕ್ಷೆಯಲ್ಲಿ ರೇಡಿಯೊ ಸಿದ್ಧಾಂತ ಕೇಳುತ್ತಾರೆ, ನಿಯಮ ಕೇಳುತ್ತಾರೆ, ಜನರಲ್ ದರ್ಜೆಗೆ ಮೋರ್ಸ್ ಸಂಕೇತವೂ ಬೇಕು. ಆದರೆ ಅಭ್ಯರ್ಥಿಯ ಕೈಗೆ ಒಂದು ಕನೆಕ್ಟರ್ ಮತ್ತು ಸೋಲ್ಡರಿಂಗ್ ಐರನ್ ಕೊಟ್ಟು ಜೋಡಿಸಿ ತೋರಿಸೆಂದು ಹೇಳುವುದಿಲ್ಲ. ಕ್ಲಬ್ಬಿನ ರಿಪೀಟರಿಗೆ ಅಗ್ಗವೆಂದು ಸಣ್ಣ ಆರ್‌ಜಿ-58 ಕೇಬಲ್ಲನ್ನು 30 ಮೀಟರ್ ಎಳೆದು, 145 ಮೆಗಾಹರ್ಟ್ಸ್‌ನಲ್ಲಿ ಮೂರರಲ್ಲಿ ಎರಡು ಪಾಲು ಶಕ್ತಿಯನ್ನು ದಾರಿಯಲ್ಲೇ ಚೆಲ್ಲಿ, ಆಮೇಲೆ ದೊಡ್ಡ ಸೆಟ್ ಕೊಳ್ಳಲು ಚಂದಾ ಎತ್ತುವವರನ್ನು ಕಂಡಿದ್ದೇನೆ. ಬಳಗಕ್ಕೆಂದು ಇಟ್ಟ ಆ ಕ್ಷಣ ಅದು ಹಿತ್ತಲ ಕೆಲಸವಾಗಿ ಉಳಿಯುವುದಿಲ್ಲ ಎಂಬುದು ಅವರಿಗೆ ತೋಚುವುದಿಲ್ಲ.

ಇನ್ನು ಸರ್ಕಾರದ ಮುಂದೆ ನನ್ನ ಕೋರಿಕೆ. ನಾನು ನೋಡಿರುವ ಟೆಂಡರ್ ದಾಖಲೆಗಳಲ್ಲಿ ಸೆಟ್ಟಿನ ಮಾದರಿ, ವಾಟ್, ಬ್ಯಾಟರಿಯ ಸಾಮರ್ಥ್ಯ, ಗ್ಯಾರಂಟಿಯ ಅವಧಿ ಎಲ್ಲವೂ ಪುಟಗಟ್ಟಲೆ ಇರುತ್ತವೆ. ಕೇಬಲ್ ಕೆಲಸಕ್ಕೆ ‘ಅಳವಡಿಕೆ ಸೇರಿ’ ಎಂಬ ಎರಡು ಪದ. ಆ ಎರಡು ಪದಗಳ ಜಾಗದಲ್ಲಿ ಅರ್ಧ ಪುಟವಾದರೂ ಬರೆಯಲಿ: ಎಂಥ ಕನೆಕ್ಟರ್, ಎಂಥ ಟೇಪು, ಸಿಡಿಲು ರಕ್ಷಣೆಯ ಅರ್ಥಿಂಗ್ ಎಲ್ಲಿ, ಟವರಿನ ಯಾವ ಬೋಲ್ಟಿಗೆ ತುಕ್ಕು ಹಿಡಿಯಬಾರದು. ತುಕ್ಕು ಹಿಡಿದ ಒಂದು ಸಡಿಲ ಬೋಲ್ಟು ತಾನೇ ಸದ್ದು ಹುಟ್ಟಿಸಿ ರಿಸೀವರನ್ನು ಕಿವುಡಾಗಿಸಬಲ್ಲದು. ಕಾಮಗಾರಿ ಮುಗಿದ ದಿನ ಪ್ರತಿ ಕೇಬಲ್ಲಿನ ನಷ್ಟವನ್ನು ಅಳೆದು, ಆ ಅಂಕಿಗಳ ಪುಸ್ತಕವನ್ನು ರಿಪೀಟರ್ ಕೋಣೆಯಲ್ಲೇ ತೂಗುಹಾಕಬೇಕು. ಗುತ್ತಿಗೆದಾರರ ಠೇವಣಿಯನ್ನು ಒಂದು ಪೂರ್ಣ ಮಳೆಗಾಲ ಕಳೆದು, ದೀಪಾವಳಿಯ ಹೊತ್ತಿಗೆ ಮತ್ತೊಮ್ಮೆ ಅಳೆದು, ಎರಡೂ ಅಂಕಿಗಳು ಹೊಂದಿದರೆ ಮಾತ್ರ ಹಿಂತಿರುಗಿಸಬೇಕು. ಈ ಎರಡನೆಯ ಅಳತೆಗೆ ಹತ್ತಿರದ ಹ್ಯಾಮ್‌ಗಳನ್ನು ಸಾಕ್ಷಿಗಳಾಗಿ ಕರೆಯಬಹುದು. ಹಣದ ಹಂಗಿಲ್ಲದವರು ಗುತ್ತಿಗೆದಾರರ ಮುಖ ನೋಡಿ ಅಂಕಿ ಬರೆಯುವುದಿಲ್ಲ, ಜೊತೆಗೆ ಟವರ್ ಹತ್ತಲು ಅವರಿಗೆ ಯಾವಾಗಲೂ ಉಮೇದು.

ಆ ಗುಡ್ಡದ ಕೇಬಲ್ಲಿನಿಂದ ಕತ್ತರಿಸಿದ ಗೇಣುದ್ದದ ಹಸಿರು ತುಂಡು ಈಗಲೂ ನನ್ನ ಮೇಜಿನ ಖಾನೆಯಲ್ಲಿದೆ. ಟೆಂಡರ್ ಕರಡು ಬರೆಯುವ ಅಧಿಕಾರಿಗಳು ಯಾರಾದರೂ ನೋಡಬಯಸಿದರೆ, ಬಸ್ಸು ಹಿಡಿದು ನಾನೇ ತಂದು ತೋರಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ವೈರ್‌ಲೆಸ್ ತಂತ್ರಜ್ಞ,
ತೀರ್ಥಹಳ್ಳಿ