ಅಜ್ಜನ ಮಾತು ಕಡಿಮೆ ಮಾಡು

ಪ್ರೀತಿಯ ಮಗಳೇ,

ಪೆರ್ಲದಿಂದ ನೀನು ಕಳಿಸಿದ ಕಾಮಿಕ್ಸ್ ಪುಟಗಳು ಬಂದವು. ಸುರಂಗ ಕೊರೆಯುವ ಅಜ್ಜನ ಕಥೆ ಹಿಡಿಸಿತು. ನೀರಿಗಾಗಿ ಗುಡ್ಡದ ಹೊಟ್ಟೆಯೊಳಗೆ ನುಗ್ಗುವ ಕತ್ತಲೆಯನ್ನು ಶಾಯಿಯಲ್ಲೇ ತುಂಬಿಸಿದ್ದೀಯ, ಭೇಷ್.

ತೊಂದರೆ ಇರುವುದು ಮಾತಿನಲ್ಲಿ. ಚಿತ್ರ ಪೂರ್ತಿ ಬಿಡಿಸಿ, ಉಳಿದ ಮೂಲೆಯಲ್ಲಿ ಮಾತಿನ ಬಲೂನು ತುರುಕಿದ್ದೀಯ, ಅಲ್ವಾ? ಉಲ್ಟಾ ಮಾಡು. ಪೆನ್ಸಿಲಿನಲ್ಲಿ ಮೊದಲು ಮಾತು ಬರೆ, ಸುತ್ತ ಬಲೂನು ಎಳೆ, ಆಮೇಲೆ ಮನುಷ್ಯರನ್ನು ಕೂರಿಸು. ಮೊದಲು ಮಾತಾಡುವವರ ಬಲೂನು ಎಡಕ್ಕೆ, ಮೇಲೆ ಇರಲಿ. ಇಂಗ್ಲಿಷ್ ಕಾಮಿಕ್ಸ್ ನೋಡಿ ಅಳತೆ ಹಿಡಿಯಬೇಡ. ಅವರದು ಹೆಚ್ಚಾಗಿ ಕ್ಯಾಪಿಟಲ್ ಅಕ್ಷರ, ಸಾಲುಗಳು ಒತ್ತೊತ್ತಾಗಿ ಕೂರುತ್ತವೆ. ನಮ್ಮ ಅಕ್ಷರಕ್ಕೆ ಮೇಲೆ ಗುಡಿಸಿನ ಗುರುತು, ಕೆಳಗೆ ಒತ್ತಕ್ಷರ ಇರುತ್ತವೆ. ಮೂರನೇ ಪುಟದಲ್ಲಿ ‘ಅಜ್ಜ’ನ ಒತ್ತಕ್ಷರ ಕೆಳಗಿನ ಸಾಲಿನ ತಲೆಗೆ ತಾಗಿದೆ. ಸಾಲಿನ ನಡುವೆ ಜಾಗ ಜಾಸ್ತಿ ಬಿಡು, ಇಲ್ಲವೇ ಮಾತು ಕಡಿಮೆ ಮಾಡು. ಎರಡನೆಯದೇ ಒಳ್ಳೆಯದು. ನಿನ್ನ ಅಜ್ಜ ಸ್ವಲ್ಪ ಭಾಷಣಕಾರ!

‘ದೀಪ ಸಣ್ಣಗಾಯಿತು, ಗಾಳಿ ಸಾಲದು’ ಎಂದು ಅವನು ಹೇಳಬೇಕಾಗಿಲ್ಲ. ಮೂರು ಚೌಕದಲ್ಲಿ ಮೊಂಬತ್ತಿಯ ಉರಿ ಕುಗ್ಗಲಿ. ನಾಲ್ಕನೆಯದರಲ್ಲಿ ಅವನು ಹೊರಗೆ ತೆವಳುತ್ತಿರಲಿ. ಬಾಯಿ ಬಿಡುವಾಗ ಪಾಠಪುಸ್ತಕದ ಕನ್ನಡ ಬೇಡ. ನಮ್ಮ ಬಸ್ಸಿನಲ್ಲೇ ತುಳು, ಮಲಯಾಳ, ಹವ್ಯಕ, ಕೊಂಕಣಿ ಕೇಳುತ್ತವಲ್ಲ, ಅವು ನಿನ್ನ ಬಲೂನಿಗೂ ಬರಲಿ.

ಇನ್ನೂರು ಪುಟದ ಯೋಜನೆ ಈಗ ಕಪಾಟಿನಲ್ಲಿರಲಿ. ಎಂಟು ಪುಟದ್ದು ಒಂದು ಮುಗಿಸು. ಎರಡು ಎ4 ಹಾಳೆ, ನಡುವೆ ಮಡಚಿ ಎರಡು ಪಿನ್ನು ಹೊಡೆದರೆ ಆಯಿತು. ಹೀಗೆ ಮಡಚುವ ಪುಸ್ತಕದ ಪುಟ ನಾಲ್ಕರ ಲೆಕ್ಕದಲ್ಲೇ ಬರುತ್ತದೆ: 8, 12, 16. ಜೆರಾಕ್ಸ್ ಅಂಗಡಿಗೆ ಹೋಗುವ ಮೊದಲು ಖಾಲಿ ಹಾಳೆ ಮಡಚಿ ಪುಟಸಂಖ್ಯೆ ಬರೆದುಕೋ. ಒಂದನೇ ಪುಟದ ಪಕ್ಕ ಎಂಟನೆಯದು ಬರುತ್ತದೆ, ಎರಡರ ಪಕ್ಕ ಏಳು. ಸ್ಕ್ಯಾನ್ ಮಾಡಿಸುವುದಾದರೆ 300 ಡಿಪಿಐಗಿಂತ (ಇಂಚಿಗೆ 300 ಚುಕ್ಕಿ) ಕಡಿಮೆ ಬೇಡ. ಕಂಪ್ಯೂಟರಿನಲ್ಲಿ ಅಕ್ಷರ ಹಾಕಲು ಇಂಕ್‌ಸ್ಕೇಪ್ ಎಂಬ ತಂತ್ರಾಂಶ ಇದೆ, ಕಾಸು ಕೊಡಬೇಕಿಲ್ಲ. ಫಾಂಟ್ ಮಾತ್ರ ಯೂನಿಕೋಡಿನದೇ (ಎಲ್ಲ ಕಂಪ್ಯೂಟರಿನಲ್ಲೂ ನಡೆಯುವ ಅಕ್ಷರ ಸಂಕೇತ) ಇರಲಿ.

ಯಾರಾದರೂ ಪ್ರಕಟಿಸುತ್ತೇವೆಂದು ಕರಾರು ಪತ್ರ ತಂದರೆ ಸುಮ್ನೆ ಸಹಿ ಹಾಕಬೇಡ. 18 ತುಂಬದವರು ಮಾಡಿದ ಕರಾರು ನಮ್ಮ ಕಾನೂನಿನಲ್ಲಿ ನಿಲ್ಲುವುದಿಲ್ಲ. ಅಪ್ಪನೋ ಅಮ್ಮನೋ ಓದಿ ನೋಡಲಿ. ಹಕ್ಕುಸ್ವಾಮ್ಯವಂತೂ ಬಿಡಿಸಿದಾಗಲೇ ನಿನ್ನದು, ನೋಂದಣಿ ಕಡ್ಡಾಯವಲ್ಲ.

ಇಪ್ಪತ್ತು ಪ್ರತಿ ತೆಗೆಸು. ಬದಿಯಡ್ಕಕ್ಕೆ ಬಂದಾಗ ನನಗೊಂದು ತಾ. ದುಡ್ಡು ಕೊಟ್ಟೇ ತೆಗೆದುಕೊಳ್ಳುತ್ತೇನೆ, ಬೆಲೆ ಈಗಲೇ ಯೋಚಿಸಿಡು.

ಇಂತಿ,
ಬದಿಯಡ್ಕದ ಮಾವ