ರೈಲ್ವೆ ಗೇಟಿನ ಮುಂದೆ ಐದು ಸೆಂಟಿಮೀಟರಿನ ಅಂಬಾಸಿಡರ್

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರ ನಿಮ್ಮ ಪುರವಣಿಯಲ್ಲಿ ಮಾಡೆಲ್ ರೈಲುಗಳ ಬಗ್ಗೆ ಬಂದ ಬರಹ ಓದಿದೆ. ಖುಷಿಯಾಯ್ತು. ಈ ಹುಚ್ಚಿನ ಬಗ್ಗೆ ನಮ್ಮ ಕಡೆಯ ಪತ್ರಿಕೆಯಲ್ಲಿ ಯಾರಾದರೂ ಬರೆಯುತ್ತಾರೆ ಅಂತ ನಾನು ಅಂದುಕೊಂಡಿರಲಿಲ್ಲ. ಆದರೆ ಕೊನೆಗೆ ಒಂದು ಮಾತಿತ್ತು. ಹಳಿಯ ಪಕ್ಕ ರಸ್ತೆ ಮಾಡಿ, ಮನೆಯಲ್ಲಿ ಮಕ್ಕಳು ಆಡೋ ಯಾವುದಾದರೂ ಸಣ್ಣ ಕಾರು ಇಟ್ಟರೆ ಆಯ್ತು ಅಂತ. ಆಗೋದಿಲ್ಲ ರೀ. ಅದನ್ನು ಹೇಳೋದಕ್ಕೇ ಈ ಪತ್ರ.

ನಾನು ಕಲಬುರಗಿಯಲ್ಲಿ 31 ವರ್ಷ ಗ್ಯಾರೇಜಿನಲ್ಲಿ ಪೇಂಟಿಂಗ್ ಕೆಲಸ ಮಾಡಿದವನು. ಎಷ್ಟು ಅಂಬಾಸಿಡರಿಗೆ ಬಿಳಿ ಬಣ್ಣ ಹೊಡೆದಿದ್ದೇನೋ ಲೆಕ್ಕ ಇಟ್ಟಿಲ್ಲ. ಈಗ ಕೈ ಸ್ವಲ್ಪ ನಡುಗುತ್ತದೆ, ದೊಡ್ಡ ಗಾಡಿ ಬಿಟ್ಟಿದ್ದೇನೆ. ನಾಲ್ಕು ವರ್ಷದ ಹಿಂದೆ ಪುಣೆಯಲ್ಲಿರೋ ಮಗ ಮೊಮ್ಮಗನಿಗೆ ಅಂತ ಒಂದು ರೈಲು ಸೆಟ್ ತಂದ. ಗುಂಡಗಿನ ಹಳಿ, ಒಂದು ಡೀಸೆಲ್ ಇಂಜಿನ್ನು, ನಾಲ್ಕು ಡಬ್ಬಿ. ಹುಡುಗ ತನ್ನ ದೊಡ್ಡ ಚಕ್ರದ ಜೀಪು ತಂದು ಹಳಿಯ ಪಕ್ಕ ನಿಲ್ಲಿಸಿದ. ಜೀಪಿನ ಟಾಪು ಇಂಜಿನ್ ಡ್ರೈವರನ ಕಿಟಕಿಗೆ ಬಂತು. ಅವನೇ ನೋಡಿ ಕೇಳಿದ: "ಮುತ್ಯಾ, ಈ ಜೀಪಿನಾಗ ರಾಕ್ಷಸ ಕುಂತಾನೇನು?"

ಆರು ವರ್ಷದ ಹುಡುಗನಿಗೆ ಕಂಡದ್ದು ನಿಮ್ಮ ಲೇಖಕರಿಗೆ ಯಾಕೆ ಕಾಣಲಿಲ್ಲವೋ.

ಲೆಕ್ಕ ಸುಲಭ. ಜಾಸ್ತಿ ಜನ ಇಟ್ಟುಕೊಳ್ಳೋ ರೈಲು ಎಚ್‌ಓ ಅಳತೆಯದು, ಅಂದರೆ ನಿಜದ್ದಕ್ಕಿಂತ 87 ಪಟ್ಟು ಸಣ್ಣದು. ಅಂಬಾಸಿಡರ್ ಉದ್ದ ಸುಮಾರು 4.3 ಮೀಟರ್. ಅದನ್ನು 87ರಿಂದ ಭಾಗಿಸಿದರೆ ಐದು ಸೆಂಟಿಮೀಟರಿಗೆ ಕೂದಲೆಳೆ ಕಮ್ಮಿ. ಅಂಗಡಿಯಲ್ಲಿ ಸಿಗೋ ಹಾಟ್ ವೀಲ್ಸ್ ಕಾರುಗಳು ಹೆಚ್ಚುಕಮ್ಮಿ 1:64, ಅಂದರೆ ನಿಜದ್ದಕ್ಕಿಂತ 64 ಪಟ್ಟು ಸಣ್ಣವು. ಆ ಲೆಕ್ಕದಲ್ಲಿ ಅದೇ ಅಂಬಾಸಿಡರ್ ಏಳು ಸೆಂಟಿಮೀಟರಿನ ಹತ್ತಿರ ಹೋಗುತ್ತದೆ. ಅದೂ ಹೆಚ್ಚುಕಮ್ಮಿಯೇ, ಯಾಕಂದ್ರೆ ಇಂಥ ಕಾರುಗಳನ್ನು ಪ್ಯಾಕೆಟ್ಟಿಗೆ ಹೊಂದೋ ಹಾಗೆ ಮಾಡುತ್ತಾರೆ. ಲಾರಿಯೂ ಅಷ್ಟೇ ಉದ್ದ, ಕಾರೂ ಅಷ್ಟೇ ಉದ್ದ. ಗಾಜಿನ ಕಪಾಟಿನಲ್ಲಿ ಸಾಲಾಗಿ ಇಟ್ಟರೆ ಚಂದ. ರೈಲಿನ ಪಕ್ಕ ಇಟ್ಟರೆ ಗುಟ್ಟು ರಟ್ಟು.

ಒಮ್ಮೆ ಆನ್‌ಲೈನ್ ಅಂಗಡಿಯೊಂದರಿಂದ 1:87 ಅಂತ ತರಿಸಿದರೆ 1:43ರ ಕಾರು ಬಂತು. ನನ್ನ ಸ್ಟೇಷನ್ನಿನ ಬಾಗಿಲು ಪೂರ್ತಿ ಮುಚ್ಚೋ ಹಾಗಿತ್ತು. ಅದೀಗ ಟಿವಿ ಮೇಲೆ ಇದೆ.

ಇಷ್ಟಕ್ಕೂ ಈ ಸಣ್ಣ ಲೋಹದ ಕಾರುಗಳ ದೊಡ್ಡ ಹೆಸರೊಂದು ಹುಟ್ಟಿದ್ದೇ ರೈಲಿಗೋಸ್ಕರ. ಇಂಗ್ಲೆಂಡಿನಲ್ಲಿ ಫ್ರಾಂಕ್ ಹಾರ್ನ್‌ಬಿಯವರ ಕಂಪನಿ ಆಟದ ರೈಲು ಮಾಡುತ್ತಿತ್ತು. ಆ ರೈಲಿನ ಪಕ್ಕ ಇಡೋದಕ್ಕೆ ಅಂತ 1933ರಲ್ಲಿ ಆರು ಗಾಡಿಗಳ ಒಂದು ಸೆಟ್ ತಂದರು. ಮರುವರ್ಷ ಅದಕ್ಕೆ ಡಿಂಕಿ ಟಾಯ್ಸ್ ಅಂತ ಹೆಸರಾಯಿತು. ಆಮೇಲೆ ಕಾರುಗಳೇ ರೈಲನ್ನು ಮೀರಿಸಿ ಓಡಿದವು. ಮ್ಯಾಚ್‌ಬಾಕ್ಸ್ 1953ರಲ್ಲಿ ಬಂತು, ಹಾಟ್ ವೀಲ್ಸ್ 1968ರಲ್ಲಿ.

ನನ್ನ ಲೇಔಟು, ಅಂದರೆ ಹಳಿ, ರಸ್ತೆ ಎಲ್ಲ ಕೂರಿಸಿದ ಹಲಗೆ, ಆರಡಿ ನಾಲ್ಕಡಿಯ ಪ್ಲೈವುಡ್ಡು, ಹಳೆ ಕಬ್ಬಿಣದ ಮಂಚದ ಮೇಲೆ ಕೂತಿದೆ. ಮಂಚ ಹೋಯ್ತು ಅಂತ ಮನೆಯಾಕೆಗೆ ಇನ್ನೂ ಸಿಟ್ಟು. ಅದರ ಮೇಲೆ 1985ರ ಬೇಸಿಗೆ ಇದೆ. ಶಹಾಬಾದ್ ಕಡೆಯ ಒಂದು ರೈಲ್ವೆ ಗೇಟು, ಗೇಟ್‌ಮನ್ನಿನ ಕೋಣೆ, ಎರಡು ಬೇವಿನ ಗಿಡ, ಈ ಕಡೆ ತೊಗರಿ ಕೊಯ್ದ ಹೊಲ. ಹೊಲಕ್ಕೆ ನಿಜವಾದ ಎರೆ ಮಣ್ಣು ತಂದು, ಹಳೆ ಧೋತರದಲ್ಲಿ ಸೋಸಿ, ಫೆವಿಕಾಲ್ ನೀರಲ್ಲಿ ಕಲಸಿ ಬಳಿದೆ. ಮಾರನೇ ದಿನ ನೋಡಿದರೆ ಒಣಗಿ ಬಿರುಕು ಬಿಟ್ಟಿತ್ತು. ಕೆಟ್ಟಿತಲ್ಲ ಅಂತ ಕೆರೆಯೋದಕ್ಕೆ ಕೂತೆ. ಬಗ್ಗಿ ನೋಡಿದರೆ ಏಪ್ರಿಲ್ ತಿಂಗಳ ನಮ್ಮ ಹೊಲ ಹೆಂಗಿರುತ್ತದೋ ಹಂಗೇ ಇತ್ತು! ಹಾಗೇ ಬಿಟ್ಟೆ. ರಸ್ತೆಯ ಅಂಚಿಗೆ ಹಾಕಿದ್ದು ಶಹಾಬಾದ್ ಫರಸಿಯ ಪುಡಿ, ಕಲ್ಲು ಕೊಯ್ಯೋರ ಹತ್ತಿರ ಒಂದು ಡಬ್ಬಿ ಕೇಳಿ ತಂದದ್ದು.

ಗೇಟು ಯಾಕೆ ಆರಿಸಿಕೊಂಡೆ ಅಂದರೆ ಅದಕ್ಕೊಂದು ಕಾರಣ ಇದೆ. ಮೊದಲು ನಾನು ಊರಿನ ರಸ್ತೆ ಮಾಡಿದ್ದೆ, ಎಂಟು ಗಾಡಿ ನಿಲ್ಲಿಸಿದ್ದೆ. ರೈಲು ಸುತ್ತು ಹೊಡೆಯುತ್ತದೆ, ಕಾರುಗಳು ನಡುರಸ್ತೆಯಲ್ಲಿ ಕಲ್ಲಾಗಿ ನಿಂತಿವೆ. ಶಾಪ ಹೊಡೆದ ಊರಿನ ಹಾಗೆ. ಓಡೋ ಗಾಡಿಗಳೂ ಇವೆ, ಇಲ್ಲ ಅಂತಲ್ಲ. ಜರ್ಮನಿಯ ಫಾಲರ್ ಕಂಪನಿ 1989ರಲ್ಲೇ ತಂದಿದೆ. ರಸ್ತೆಯ ಒಳಗೆ ಕಬ್ಬಿಣದ ತಂತಿ ಹೂತಿರುತ್ತಾರೆ, ಗಾಡಿಯ ಮುಂದಿನ ಚಕ್ರದ ಹತ್ತಿರ ಒಂದು ಅಯಸ್ಕಾಂತ ಇರುತ್ತದೆ, ಅದು ತಂತಿ ಹಿಡಿದು ತಿರುಗುತ್ತದೆ. ಒಳಗೇ ಬ್ಯಾಟರಿ. ಆದರೆ ಅದರ ರೇಟು ಕೇಳಿ ನಾನು ಸುಮ್ಮನಾದೆ. ಹಾಗಾಗಿ ಕಾರು ನಿಂತಿದ್ದರೆ ನಿಲ್ಲೋದಕ್ಕೆ ಒಂದು ಕಾರಣ ಇರಬೇಕು ಅನ್ನಿಸಿತು. ಗೇಟು ಹಾಕಿದರೆ ಯಾರು ತಾನೇ ನಿಲ್ಲೋದಿಲ್ಲ? ಈಗ ವಾಡಿಯ ಕಡೆಯಿಂದ ಸಿಮೆಂಟ್ ಗೂಡ್ಸು ಬರುತ್ತದೆ, ಗೇಟಿನ ಎರಡೂ ಕಡೆ ಗಾಡಿಗಳು ಕಾಯುತ್ತವೆ. ಒಂದು ಅಂಬಾಸಿಡರ್, ಒಂದು ಲಾರಿ, ಒಂದು ಪದ್ಮಿನಿ ಕಾರು, ತೊಗರಿ ಚೀಲದ ಎತ್ತಿನ ಗಾಡಿ, ಮೂರು ಸೈಕಲ್ಲು. ಸೈಕಲ್ಲಿನವನೊಬ್ಬ ಗೇಟಿನ ಕೆಳಗೆ ತೂರುತ್ತಿದ್ದಾನೆ. ಅವನನ್ನು ನಾನು ನೋಡಿದ್ದೇನೆ, ನೀವೂ ನೋಡಿರುತ್ತೀರಿ.

1985 ಅಂತ ಅಂದಮೇಲೆ ಅದಕ್ಕೆ ಬದ್ಧವಾಗಿರಬೇಕು. ಹಳಿಯ ಮೇಲೆ ಕರೆಂಟಿನ ತಂತಿ ಇಲ್ಲ, ಇಂಜಿನ್ನು ಡೀಸೆಲ್ಲಿಂದು. ಮಾರುತಿ 800 ಒಂದು ಇಡಬಹುದು, ಅದು 1983ರ ಡಿಸೆಂಬರಿನಲ್ಲಿ ಬಂತು. ಆದರೆ ನಮ್ಮ ಕಡೆ ಆಗ ಎಷ್ಟು ಮಾರುತಿ ಇದ್ದವು? ಇಟ್ಟು ನೋಡಿದೆ, ಹೊಂದಲಿಲ್ಲ, ತೆಗೆದೆ. ಗೆಳೆಯರೊಬ್ಬರು ಪ್ರೀತಿಯಿಂದ ಒಂದು ಟಾಟಾ ಸುಮೋ ಕೊಟ್ಟರು. ಸುಮೋ 1994ರದು. ಅವರು ಮನೆಗೆ ಬಂದಾಗ ಮಾತ್ರ ಬೇವಿನ ಗಿಡದ ಹಿಂದೆ ನಿಲ್ಲಿಸುತ್ತೇನೆ. ಮೊಮ್ಮಗ ಅಂಬಾಸಿಡರಿಗೆ ಕೆಎ 32 ಅಂತ ನಂಬರ್ ಬರೆಯೋಣ ಅಂದ. ಅದು ಬಂದದ್ದು ಆಮೇಲೆ ಅಪ್ಪಾ ಅಂದೆ. ಹೇಗಿದ್ದರೂ ನಂಬರ್ ಪ್ಲೇಟು ಅರ್ಧ ಸೆಂಟಿಮೀಟರ್, ಅಕ್ಷರ ಒಂದು ಮಿಲಿಮೀಟರೂ ಬರೋದಿಲ್ಲ. ಬಿಳಿ ಪಟ್ಟಿ ಎಳೆದು ಕೈಬಿಟ್ಟೆವು.

ನಮ್ಮ ಗಾಡಿಗಳು ಈ ಅಳತೆಯಲ್ಲಿ ಅಂಗಡಿಯಲ್ಲಿ ನನಗೆ ಸಿಗಲಿಲ್ಲ. ಲಾರಿಗೆ ಜರ್ಮನಿಯ ಹಳೆ ಬೆಂಜ್ ಲಾರಿಯ ಮಾಡೆಲ್ ತರಿಸಿದೆ. 1954ರಿಂದ 1969ರವರೆಗೆ ಟಾಟಾ ಮತ್ತು ಬೆಂಜ್ ಕೂಡಿಯೇ ಲಾರಿ ಮಾಡಿದ್ದರಿಂದ ಮೂಗು ಸುಮಾರು ಹೊಂದುತ್ತದೆ. ಮೇಲಿನ ಹಲಗೆ ನಾನೇ ಮಾಡಿದೆ. ಆದರೆ ಸ್ಟೀರಿಂಗ್ ಎಡಕ್ಕಿತ್ತು! ಬ್ಲೇಡಿನಲ್ಲಿ ಕೊಯ್ದು, ಸೂಜಿಯ ತುದಿಯಲ್ಲಿ ಎತ್ತಿ ಬಲಕ್ಕೆ ಅಂಟಿಸೋದರಲ್ಲಿ ಒಂದು ಸಂಜೆ ಹೋಯ್ತು. ಮನೆಯಾಕೆ ಬಂದು, "ಊಟ ಆರಿ ಹೋಗ್ಯಾದ, ಆ ಲಾರಿ ಎಲ್ಲಿಗಿ ಹೊಂಟದ?" ಅಂದಳು. ಅಂಬಾಸಿಡರನ್ನು ತ್ರೀಡಿ ಪ್ರಿಂಟರ್ ಇಟ್ಟುಕೊಂಡ ಒಬ್ಬ ಕಾಲೇಜು ಹುಡುಗ ಮಾಡಿಕೊಟ್ಟ.

ಇನ್ನು ಬಣ್ಣ. ಇಲ್ಲಿ ನನ್ನ 31 ವರ್ಷದ ಸೊಕ್ಕು ಮುರಿಯಿತು. ಗ್ಯಾರೇಜಿನ ರೂಢಿಯಲ್ಲಿ, ದೊಡ್ಡ ಗಾಡಿಗೆ ಹೊಡೆಯೋ ಎನ್‌ಸಿ ಪೇಂಟಿಗೆ ಥಿನ್ನರ್ ಕಲಸಿ ಒಂದು ಪ್ಲಾಸ್ಟಿಕ್ ಕಾರಿಗೆ ಹಚ್ಚಿದೆ. ಕಣ್ಣ ಮುಂದೇ ಟಾಪು ಮೆತ್ತಗಾಗಿ ಕುಸಿಯಿತು. ಥಿನ್ನರ್ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ ಅಂತ ನನಗೆ ಗೊತ್ತಿಲ್ಲವೇ? ಗೊತ್ತಿತ್ತು, ಆದರೂ ಹಚ್ಚಿದೆ. ಎರಡನೇ ಸಲ ನೀರಿನ ಅಕ್ರಿಲಿಕ್ ಬಣ್ಣ ತಂದೆ. ಮೂರು ಕೋಟ್ ಹೊಡೆದೆ, ದೊಡ್ಡ ಗಾಡಿಗೆ ಹೊಡೆದ ಹಾಗೆ. ಬಾಗಿಲಿನ ಗೆರೆಗಳೆಲ್ಲ ಮುಚ್ಚಿ ಹೋದವು. ಗಾಡಿಯನ್ನು 87 ಪಟ್ಟು ಇಳಿಸಬಹುದು, ಬಣ್ಣದ ದಪ್ಪವನ್ನು ಇಳಿಸೋದು ಹೆಂಗೆ? ಈಗ ಹಾಲಿನಂತೆ ತೆಳ್ಳಗೆ ಮಾಡಿ, ಮೂರು ಸೊನ್ನೆಯ, ಅಂದರೆ ತೀರಾ ಸಣ್ಣ ತುದಿಯ, ಬ್ರಷ್ಷಿನಲ್ಲಿ ಒಂದೇ ಕೋಟ್. ಗೆರೆಯಲ್ಲಿ ತುಸು ಕಪ್ಪು ನೀರು ಬಿಟ್ಟು ಒರೆಸುತ್ತೇನೆ, ಬಾಗಿಲು ಎದ್ದು ಕಾಣುತ್ತದೆ. ಕೊನೆಗೆ ಹೊಳಪು ಕೊಲ್ಲಬೇಕು. ಜೀವನವಿಡೀ ಹೊಳಪು ತರೋದಕ್ಕೆ ಪಾಲಿಶ್ ತಿಕ್ಕಿದ ಕೈಗೆ ಇದು ಕಷ್ಟದ ಕೆಲಸ. ಆದರೆ ಬೇಸಿಗೆಯಲ್ಲಿ ಗೇಟಿನ ಹತ್ತಿರ ನಿಂತ ಗಾಡಿ ಎಲ್ಲಿ ಹೊಳೆಯುತ್ತದೆ? ಫರಸಿ ಪುಡಿಯನ್ನೇ ಬೆರಳಲ್ಲಿ ತೀಡಿದೆ. ಟೈರಿನ ಮೇಲಿನ ಮಡ್ಗಾರ್ಡಿಗೆ ಒಂಚೂರು ಜಾಸ್ತಿ.

ಇನ್ನೊಂದು ಉಪಾಯ, ದೊಡ್ಡ ಅಳತೆಯ ಕಾರು ಇದ್ದವರಿಗೆ. 1:76ರದು ಇದ್ದರೆ ಬಿಸಾಡಬೇಡಿ, ನಿಮಗೆ ಹತ್ತಿರದ ಅಂಚಿನಲ್ಲಿ ಇಡಿ. ತೀರಾ ಹಿಂದೆ 1:160ರ ಎರಡು ಕಾರು ಇಡಿ. ಅಂಬಾಸಿಡರ್ ಅಲ್ಲಿ ಮೂರು ಸೆಂಟಿಮೀಟರೂ ಇರೋದಿಲ್ಲ. ಕಣ್ಣು ಅದನ್ನು ದೂರ ಅಂತಲೇ ಓದಿಕೊಳ್ಳುತ್ತದೆ. ಒಂದೇ ಕಡೆ ಪಕ್ಕಪಕ್ಕ ಮಾತ್ರ ಬೇಡ. ನಾನೂ ಪೂರ್ತಿ ಸತ್ಯವಂತನಲ್ಲ. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್, ಲೆಕ್ಕದ ಪ್ರಕಾರ ನನ್ನ ಹಳಿ 19 ಮಿಲಿಮೀಟರಿನ ಮೇಲೆ ಇರಬೇಕು. ಇರೋದು ವಿದೇಶದ 16.5. ರೈಲ್ವೆಯವರು ಯಾರಾದರೂ ಬಂದರೆ ಆ ಕಡೆ ಬೆಳಕು ಹಾಕೋದಿಲ್ಲ.

ಉಳಿದ ಕಾರುಗಳು ಒಂದು ಹಳೆ ಔಷಧಿ ಅಂಗಡಿಯ ಗಾಜಿನ ಕಪಾಟಿನಲ್ಲಿವೆ. ಬಿಸಿಲು ಬೀಳೋ ಗೋಡೆಗೆ ಇಡಬೇಡಿ, ಕೆಂಪು ಬಣ್ಣ ಮೊದಲು ಹೋಗುತ್ತದೆ. ಮೇ ತಿಂಗಳಲ್ಲಿ ಮೆತ್ತನೆ ಟೈರು ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುತ್ತದೆ, ಚಕ್ರದ ಕೆಳಗೆ ಒಂದು ಕಾಗದದ ಚೂರು ಇರಲಿ.

ಈಗ ನನ್ನ ಕೋರಿಕೆ. ಗೇಟಿನಲ್ಲಿ ಇನ್ನೂ ಮೂರು ಗಾಡಿಗೆ ಜಾಗ ಇದೆ. 1985ರ ಹೊತ್ತಿಗೆ ನಮ್ಮ ಕಡೆ ಓಡುತ್ತಿದ್ದ ಬಾಡಿಗೆ ಜೀಪು, ಮೆಟಡೋರ್‌ಗಳ ಫೋಟೋ ಬೇಕು. ಬಣ್ಣ ನೆನಪಿದೆ, ಹಿಂದಿನ ಬಾಗಿಲಿನ ಮೇಲೆ ಬರೆಸುತ್ತಿದ್ದದ್ದು ನೆನಪಿಲ್ಲ. ಓದುಗರು ದಯವಿಟ್ಟು ಮನೆಯ ಮದುವೆ ಆಲ್ಬಮ್ ತೆಗೆದು ನೋಡಲಿ. ಮದುಮಕ್ಕಳನ್ನಲ್ಲ, ಹಿಂದೆ ನಿಂತ ಗಾಡಿಯನ್ನು. ಬೀಗರು ಇಳಿಯುವಾಗ ತೆಗೆದ ಫೋಟೋ ಇದ್ದರೆ ಇನ್ನೂ ಒಳ್ಳೆಯದು, ಹಿಂದಿನ ಬಾಗಿಲು ತೆರೆದಿರುತ್ತದೆ. ಅದರ ಒಂದು ಪ್ರತಿಯನ್ನು ನಿಮ್ಮ ಕಚೇರಿಗೆ ತಲುಪಿಸಿದರೆ ನಾನೇ ಬಂದು ಒಯ್ಯುತ್ತೇನೆ.

ಇಂತಿ,
ಗ್ಯಾರೇಜಿನ ಹಳೆಯ ಪೇಂಟರ್
ಕಲಬುರಗಿ